ತಿಳಿ ಮೆರುಗು

ಹೊಳೆದಂಡೆಯ ಆಶ್ರಮದಲ್ಲಿ ವಾಮದೇವನೆಂಬ ಶಿಷ್ಯನಿದ್ದ. ಚುರುಕು ಬುದ್ಧಿ, ಚುರುಕು ಕೈ. ಗುರುಗಳು ಏನೇ ಹೇಳಲಿ, ಮಾತು ಮುಗಿಯುವ ಮೊದಲೇ "ತಿಳಿಯಿತು" ಎನ್ನುವನು. ಆ ಮಾತು ಎಲೆ ಅಡಿಕೆಯಂತೆ ಸದಾ ಅವನ ಬಾಯಲ್ಲಿತ್ತು.

ಆಚೆ ದಡದ ಮಠದಲ್ಲಿ ಪಾಠ ಹೇಳುವವರು ಬೇಕಾಗಿತ್ತು. ಗುರುಗಳು ಅವನನ್ನೇ ಆರಿಸಿದರು. ಆಶ್ರಮದ ಹಳೆಯ ಓಲೆಗರಿಯ ಕಟ್ಟನ್ನೂ ಅವನ ಕೈಯಲ್ಲೇ ಕಳುಹಿಸುವುದೆಂದಾಯಿತು. ಅದಕ್ಕೆ ಇನ್ನೊಂದು ಪ್ರತಿಯಿರಲಿಲ್ಲ. ಹುಳು ಆಗಲೇ ಅಂಚು ತಿನ್ನತೊಡಗಿತ್ತು. ಓಲೆಗಳಿಗೆಂದು ವಾಮದೇವ ದೇವದಾರು ಮರದ ಪೆಟ್ಟಿಗೆ ಮಾಡಿದ.

"ತಿಳಿ ಮೆರುಗೆಣ್ಣೆ ಹಚ್ಚು," ಎಂದರು ಗುರುಗಳು. "ಮರದ ಎಳೆ ಹಿಡಿದು, ತೆಳ್ಳಗೆ. ಆದರೆ..."

"ತಿಳಿಯಿತು, ಗುರುಗಳೇ."

ವಾಮದೇವ ಆಗಲೇ ಕುಂಚ ಹಿಡಿದಿದ್ದ.

ಹೊರಡುವ ದಿನ ಹೊಳೆ ಏರತೊಡಗಿತು. ಅಂಬಿಗ ಹುಲಿಗ ದಂಡೆಯಿಂದ ಕೂಗಿದ: "ಅಪ್ಪಾರ, ಲಗೂನ ಬರ್ರಿ. ಈಗ ಬಿಟ್ರ ನೀರು ಇಳಿಯೋತನಕ ಹರಗೋಲು ಹಾಕಂಗಿಲ್ಲ."

ವಾಮದೇವ ಪೆಟ್ಟಿಗೆ ತಂದಿಟ್ಟು ಮುಚ್ಚಳ ತೆರೆದ. ಹೊರಗೂ ಮಿರಿಮಿರಿ, ಒಳಗೂ ಮಿರಿಮಿರಿ. ತಳದಲ್ಲಿ ತನ್ನ ಮುಖ ಕಂಡು ಅವನಿಗೆ ಹೆಮ್ಮೆಯಾಯಿತು.

ಗುರುಗಳು ಓಲೆಕಟ್ಟನ್ನು ಪೆಟ್ಟಿಗೆಯ ಮೇಲೆ ಹಿಡಿದು ಕೊಡವಿದರು. ಒಂದು ಹುಳು ಒಳಗೆ ಬಿತ್ತು. ಮಾವನ ಮನೆಗೆ ಬಂದ ಅಳಿಯನಂತೆ ಮೆರುಗಿನ ಮೇಲೆ ನಿಧಾನವಾಗಿ ಓಡಾಡತೊಡಗಿತು.

"ಈ ಮರ ಏಕೆ ತರಿಸಿದೆವು?"

"ಇದರ ವಾಸನೆಗೆ ಹುಳು ನಿಲ್ಲುವುದಿಲ್ಲ, ಗುರುಗಳೇ."

"ಮೂಸಿ ನೋಡು."

ವಾಮದೇವ ಮೂಸಿದ. ಎಣ್ಣೆಯ ವಾಸನೆ ಬಿಟ್ಟರೆ ಏನೂ ಇಲ್ಲ.

"ಒಳಗೆ ಹಚ್ಚಬೇಡವೆಂದು ತಾವು ಹೇಳಲಿಲ್ಲ."

"ನೀನು ಹೇಳಗೊಡಲಿಲ್ಲ."

"ಅಪ್ಪಾರ, ಬರ್ತೀರೋ ಇಲ್ಲೋ?" ಹುಲಿಗ ಮತ್ತೆ ಕೂಗಿದ.

ವಾಮದೇವ ಹೊಳೆಯತ್ತ ನೋಡಿದ. ಇವತ್ತು ಹೋಗದಿದ್ದರೆ ಪಾಠ ಹೇಳುವ ಆ ಗದ್ದುಗೆ ಇನ್ನೊಬ್ಬರ ಪಾಲಾಗಬಹುದು. "ಅಲ್ಲಿಗೆ ಹೋಗಿ ಹೆರೆದರಾಗದೇ?"

ಗುರುಗಳು ಓಲೆಕಟ್ಟನ್ನು ಮಡಿಲಲ್ಲಿಟ್ಟುಕೊಂಡು, ಒಂದು ಉಳಿಯನ್ನು ಅವನ ಮುಂದಕ್ಕೆ ಸರಿಸಿದರು.

ವಾಮದೇವ ಕೊನೆಗೆ ಉಳಿ ಎತ್ತಿಕೊಂಡ. "ನೀನು ಹೋಗಪ್ಪಾ, ಹುಲಿಗ," ಎಂದ.

ಹರಗೋಲು ದೂರವಾಗುವುದನ್ನು ಅವನು ನೋಡಲಿಲ್ಲ. ನೋಡಿದ್ದರೆ ಅಳು ಬರುತ್ತಿತ್ತು. ಮೆರುಗು ಪುಡಿಪುಡಿಯಾಗಿ ಉದುರಿತು. ಸಂಜೆಯ ಹೊತ್ತಿಗೆ ಬರಿಯ ಮರ ಕಂಡಿತು; ದೇವದಾರಿನ ಕಂಪು ಎದ್ದಿತು.

"ತಿಳಿಯಿತೇ?" ಎಂದರು ಗುರುಗಳು.

ವಾಮದೇವ ಬಾಯಿ ತೆರೆದ, ಮುಚ್ಚಿದ.

"ಇಲ್ಲ, ಗುರುಗಳೇ. ಅಂದು ತಾವು 'ಆದರೆ' ಎಂದಿರಿ. ಅದರ ಮುಂದಿನದನ್ನು ಹೇಳಿ. ಕೇಳುತ್ತೇನೆ."

ಗುರುಗಳು ಓಲೆಕಟ್ಟನ್ನು ಪೆಟ್ಟಿಗೆಯೊಳಗಿಟ್ಟರು.

"ಈಗ ಒಳಗಿನ ವಾಸನೆ ಬಂತು. ನೀರು ಇಳಿದ ಕೂಡಲೆ ಹೊರಡು."