ಅದಕ್ಕೂ ಮೊದಲು ಏನಾಯಿತು?

"ಗುರುಗಳೇ, ತಿದ್ದಿದಷ್ಟೂ ಕೆಡುತ್ತ ಹೋಗುವ ಮಕ್ಕಳನ್ನು ಏನು ಮಾಡಬೇಕು?" ಎಂದು ಶಿಷ್ಯ ಕೇಳಿದ.

ಅವನು ಪ್ರೌಢಶಾಲೆಯೊಂದರಲ್ಲಿ ಶಿಕ್ಷಕನಾಗಿ ಸೇರಿ ಎರಡು ವರ್ಷವಾಗಿತ್ತು. ಭಾನುವಾರ ಬಂತೆಂದರೆ ಗುರುಗಳ ಬಳಿ ಬಂದು ಕೂರುತ್ತಿದ್ದ. ಅಂದು ಅವನ ಮುಖ ಬಾಡಿತ್ತು.

"ನಮ್ಮ ಶಾಲೆಯಲ್ಲಿ ಯಾವ ತಪ್ಪನ್ನೂ ಕಂಡೂ ಕಾಣದಂತೆ ಬಿಡುವುದಿಲ್ಲ" ಎಂದ. "ಗಮನಿಸುತ್ತೇವೆ, ಬರೆದಿಡುತ್ತೇವೆ, ಮನೆಯವರನ್ನು ಕರೆಸುತ್ತೇವೆ, ಶಿಕ್ಷಿಸುತ್ತೇವೆ. ಆದರೂ ಅದೇ ಮಕ್ಕಳು ಮತ್ತೆ ಅದನ್ನೇ ಮಾಡುತ್ತಾರೆ. ನಾವು ಕೊಡುವ ಶಿಕ್ಷೆ ಕಡಿಮೆಯಾಯಿತೋ ಹೆಚ್ಚಾಯಿತೋ ತಿಳಿಯುತ್ತಿಲ್ಲ."

ಗುರುಗಳು ಒಂದು ಕಥೆ ಹೇಳತೊಡಗಿದರು.

ಉತ್ತರದ ಕಡೆಯ ಒಂದು ಊರಿನಲ್ಲಿ ಒಂದು ಪ್ರೌಢಶಾಲೆ ಇತ್ತು. ಅಲ್ಲಿ ಆರುನೂರು ಮಕ್ಕಳು ಓದುತ್ತಿದ್ದರು. ಆ ಶಾಲೆಯಲ್ಲಿ ಒಬ್ಬ ಗಣಿತದ ಮಾಸ್ತರರು ಇದ್ದರು. ಒಳ್ಳೆಯ ಮನುಷ್ಯ. ಕೋಲು ಹಿಡಿದವರಲ್ಲ. ಮಕ್ಕಳನ್ನು ಹೊಡೆಯಬಾರದೆಂಬ ನಿಯಮ ಬಂದಾಗ ಎಲ್ಲರಿಗಿಂತ ಹೆಚ್ಚು ಸಂತೋಷಪಟ್ಟವರು ಅವರೇ. ಆದರೆ ಆರುನೂರು ಮಕ್ಕಳ ಶಾಲೆ ಒಂದು ಕಟ್ಟುಪಾಡಿಗೆ ಒಳಪಡದೆ ನಡೆಯುವುದಿಲ್ಲ. ಮುಖ್ಯೋಪಾಧ್ಯಾಯಿನಿ ಶಿಸ್ತಿನ ಜವಾಬ್ದಾರಿಯನ್ನು ಅವರಿಗೆ ಒಪ್ಪಿಸಿದರು.

ಮಾಸ್ತರರು ಒಂದು ಉದ್ದನೆಯ ಪುಸ್ತಕ ತಂದು ತಾವೇ ಗೆರೆ ಹಾಕಿದರು. ನಾಲ್ಕು ಕಾಲಂ ಮಾಡಿದರು. ದಿನಾಂಕ, ಹೆಸರು, ತಪ್ಪು, ಕೈಗೊಂಡ ಕ್ರಮ. ಮೂರು ಸಲ ಹೆಸರು ಬಂದರೆ ಎಚ್ಚರಿಕೆ. ಐದು ಸಲ ಬಂದರೆ ಮನೆಯವರಿಗೆ ಕರೆ. ಹತ್ತು ಸಲ ಬಂದರೆ ಸಮಿತಿ ಕೂತು ತೀರ್ಮಾನ ಮಾಡುವುದು. ಯಾರಿಗೂ ರಿಯಾಯಿತಿ ಇರಲಿಲ್ಲ. ಮುಖ್ಯೋಪಾಧ್ಯಾಯಿನಿಯ ಅಣ್ಣನ ಮಗ ತಡವಾಗಿ ಬಂದಾಗ ಅವನ ಹೆಸರನ್ನೂ ಬರೆದರು.

ಶಾಲೆಯಲ್ಲಿ ಗದ್ದಲ ತಗ್ಗಿತು. ತಪಾಸಣೆಗೆ ಬಂದ ಅಧಿಕಾರಿಗಳು ಪುಸ್ತಕ ನೋಡಿ ಮೆಚ್ಚಿದರು. ಉಳಿದ ಶಿಕ್ಷಕರಿಗೂ ಅದು ಅನುಕೂಲವಾಯಿತು. ಮೊದಲಾದರೆ ಅವರು ತಪ್ಪು ಮಾಡಿದ ಮಗುವನ್ನು ಕರೆದು ನಾಲ್ಕು ಮಾತಾಡುತ್ತಿದ್ದರು. ಈಗ "ಮಾಸ್ತರ ಕಡೆ ಬರೆಸುತ್ತೇನೆ ನೋಡು" ಎಂದರೆ ಮುಗಿಯುತ್ತಿತ್ತು.

ಒಂಬತ್ತನೆಯ ತರಗತಿಯಲ್ಲಿ ದ್ಯಾಮವ್ವ ಎಂಬ ಹುಡುಗಿ ಇದ್ದಳು. ಜೂನ್ ತಿಂಗಳಲ್ಲಿ ಪುಸ್ತಕದಲ್ಲಿ ಅವಳ ಹೆಸರು ಇರಲಿಲ್ಲ. ನವೆಂಬರ್ ಹೊತ್ತಿಗೆ ಹತ್ತು ಸಲ ಬಂದಿತ್ತು. ಎದುರು ಮಾತಾಡಿದಳು. ಕೇಳದೆ ತರಗತಿಯಿಂದ ಎದ್ದು ಹೋದಳು. ಡಸ್ಟರನ್ನು ಕಿಟಕಿಯಿಂದ ಹೊರಗೆ ಎಸೆದಳು. ಪಕ್ಕದ ಹುಡುಗಿಯ ನೋಟ್‌ಬುಕ್ ಹರಿದಳು. ಹತ್ತನೆಯದು ಎಲ್ಲಕ್ಕಿಂತ ದೊಡ್ಡದು. ಗಣಿತದ ಉತ್ತರಪತ್ರಿಕೆಯನ್ನು ಮುದ್ದೆ ಮಾಡಿ ಮಾಸ್ತರರ ಮೇಜಿನ ಮೇಲೆ ಎಸೆದು, "ಏನ್ ಬರ್ಕೋತೀರಿ ಬರ್ಕೋರಿ" ಎಂದಿದ್ದಳು.

ಸಮಿತಿ ಕೂಡುವ ದಿನ ಗೊತ್ತಾಯಿತು. ಹುಡುಗಿಗೆ ಟಿ.ಸಿ. ಕೊಟ್ಟು ಕಳಿಸಬೇಕೆಂದು ಮಾಸ್ತರರೇ ಸೂಚಿಸಿದ್ದರು. ಆ ಊರಿನಲ್ಲಿ ಬೇರೆ ಪ್ರೌಢಶಾಲೆ ಇರಲಿಲ್ಲ. ಟಿ.ಸಿ. ಹಿಡಿದು ಮನೆಗೆ ಹೋದ ಹುಡುಗಿ ಮನೆಯಲ್ಲೇ ಉಳಿಯುತ್ತಾಳೆ, ವರ್ಷ ಕಳೆಯುವುದರೊಳಗೆ ಮನೆಯವರು ಗಂಡು ಹುಡುಕುತ್ತಾರೆ. ಇದು ಮಾಸ್ತರರಿಗೆ ಗೊತ್ತಿತ್ತು. ಗೊತ್ತಿದ್ದೂ ಸೂಚಿಸಿದ್ದರು. ಒಬ್ಬಳಿಗಾಗಿ ಆರುನೂರು ಮಕ್ಕಳನ್ನು ಕೆಡಿಸಲಾಗದು ಎಂದು ತಮಗೆ ತಾವೇ ಹೇಳಿಕೊಂಡಿದ್ದರು.

ಆ ದಿನ ದ್ಯಾಮವ್ವನ ತಾಯಿ ಬಂದಳು. ಅವಳು ಬಸ್ ನಿಲ್ದಾಣದ ಹತ್ತಿರದ ಖಾನಾವಳಿಯಲ್ಲಿ ಜೋಳದ ರೊಟ್ಟಿ ಬಡಿಯುವವಳು. ಐದನೆಯ ಸಲಕ್ಕೆ ಕರೆ ಹೋದಾಗ ಅವಳಿಗೆ ಬಿಡುವು ಸಿಕ್ಕಿರಲಿಲ್ಲ. ಈ ಸಲ ಮಾಲೀಕನನ್ನು ಕೇಳಿಕೊಂಡು ಒಂದು ತಾಸಿನ ಬಿಡುವು ಪಡೆದು ಬಂದಿದ್ದಳು. ಮೊಣಕೈಗೆ ಇನ್ನೂ ಹಿಟ್ಟು ಮೆತ್ತಿತ್ತು. ಕುರ್ಚಿ ತೋರಿಸಿದರೂ ಕೂರಲಿಲ್ಲ. ಮಗಳು ಗೋಡೆಗೆ ಒರಗಿ ನೆಲ ನೋಡುತ್ತ ನಿಂತಿದ್ದಳು.

"ಪುಸ್ತಕ ಓದಿ ಹೇಳಿ. ತಾಯಿಗೆ ತಿಳಿಯಲಿ" ಎಂದರು ಮುಖ್ಯೋಪಾಧ್ಯಾಯಿನಿ.

ಮಾಸ್ತರರು ಹತ್ತೂ ತಪ್ಪುಗಳನ್ನು ದಿನಾಂಕದ ಸಮೇತ ಓದಿದರು. ತಾಯಿ ತಲೆ ಎತ್ತದೆ ಕೇಳಿದಳು. ಓದಿ ಮುಗಿದ ಮೇಲೆ ತಲೆ ಎತ್ತಿದಳು.

"ತಪ್ಪು ಮಾಡ್ಯಾಳ್ರಿ ಸರ್. ಇಲ್ಲ ಅನ್ನಂಗಿಲ್ಲ" ಎಂದಳು. "ನನಗ ಓದಾಕ ಬರಂಗಿಲ್ಲ, ಅದಕ್ಕ ಕೇಳ್ತೀನಿ. ಇಕಿ ಹಿಂಗ ಮಾಡೂಕಿಂತ ಮದಲ ಏನಾಗಿತ್ತು ಅಂತ ಅದರಾಗ ಬರದೈತೇನ್ರಿ?"

"ಅದಕ್ಕೆ ಇದರಲ್ಲಿ ಜಾಗ ಇಲ್ಲಮ್ಮ" ಎಂದರು ಮಾಸ್ತರರು.

"ಬರೀಲಿಕ್ಕರ ಬ್ಯಾಡ್ರಿ. ನಿಮಗ ನೆನಪರ ಐತೇನ್ರಿ?"

ಅವಳು ವಾದ ಹೂಡಲು ಕೇಳಿದ್ದಲ್ಲ. ತಿಳಿದುಕೊಳ್ಳಲು ಕೇಳಿದ್ದಳು. ಅದಕ್ಕೇ ಆ ಪ್ರಶ್ನೆಯನ್ನು ತಳ್ಳಿಹಾಕಲು ಮಾಸ್ತರರಿಂದ ಆಗಲಿಲ್ಲ. ಅವರು ಪುಸ್ತಕದ ಕೊನೆಯ ಸಾಲನ್ನು ನೋಡಿದರು. ಆ ದಿನ ಅವರಿಗೆ ನೆನಪಿತ್ತು.

ಆ ದಿನ ಅವರು ಕಿರುಪರೀಕ್ಷೆಯ ಉತ್ತರಪತ್ರಿಕೆಗಳನ್ನು ಹಂಚುತ್ತಿದ್ದರು. ದ್ಯಾಮವ್ವನಿಗೆ ಇಪ್ಪತ್ತೈದಕ್ಕೆ ಎರಡು ಅಂಕ ಬಂದಿತ್ತು. ಅದನ್ನು ಗಟ್ಟಿಯಾಗಿ ಓದಿ, "ರೊಟ್ಟಿ ಬಡಿಯಲು ಇಷ್ಟು ಗಣಿತ ಸಾಕು ಬಿಡು" ಎಂದಿದ್ದರು. ತರಗತಿ ನಕ್ಕಿತ್ತು. ಅವರಿಗೆ ಅವಳ ತಾಯಿ ಯಾರು, ಏನು ಮಾಡುತ್ತಾಳೆ ಎಂಬುದೇ ಗೊತ್ತಿರಲಿಲ್ಲ. ಮಕ್ಕಳು ತೂಕಡಿಸದಿರಲಿ ಎಂದು ಅಂಥ ಮಾತು ದಿನಕ್ಕೆ ನಾಲ್ಕು ಆಡುತ್ತಿದ್ದರು. ಆಡಿದ ಮೇಲೆ ಮರೆಯುತ್ತಿದ್ದರು.

ಆಗ ಅವರು ಏನು ಬೇಕಾದರೂ ಹೇಳಬಹುದಿತ್ತು. ನೆನಪಿಲ್ಲ ಎಂದಿದ್ದರೆ ಯಾರೂ ಮರುಮಾತು ಆಡುತ್ತಿರಲಿಲ್ಲ. ಅವರು ಪುಸ್ತಕ ಮುಚ್ಚಿದರು. ಎದ್ದು ನಿಂತರು. ಆ ತಾಯಿಯ ಎದುರು, ತಾವು ಆಡಿದ್ದ ಮಾತನ್ನು ಒಂದಕ್ಷರ ಬಿಡದೆ ಹೇಳಿದರು.

ತಾಯಿ ಸೆರಗಿನಿಂದ ಮೊಣಕೈಯ ಹಿಟ್ಟು ಒರೆಸಿಕೊಂಡಳು.

"ಅಷ್ಟು ಸಾಕಾಗಂಗಿಲ್ರಿ ಸರ್" ಎಂದಳು. "ದಿನಕ್ಕ ಮುನ್ನೂರು ರೊಟ್ಟಿ ಬಡೀತೀನಿ. ಹಿಟ್ಟು ಎಷ್ಟು ಹಿಡಿತೈತಿ, ಉರುವಲ ಎಷ್ಟು ಬೇಕು, ಎಲ್ಲಾ ಹೊಂದಸೂದು ನಾನೇ. ನನಗ ಬರೂ ಗಣಿತ ಇಕಿಗೂ ಬರ್ಲಿ, ಅದರ ಮುಂದಿಂದೂ ಬರ್ಲಿ ಅಂತನ ನಿಮ್ಮ ಕಡೆ ಕಳ್ಸೀನಿ."

ಆಗ ಗೋಡೆಗೆ ಒರಗಿದ್ದ ದ್ಯಾಮವ್ವ ಬಾಯಿ ಬಿಟ್ಟಳು. ಅಲ್ಲಿಯವರೆಗೆ ಯಾರು ಏನು ಕೇಳಿದರೂ ಉತ್ತರ ಕೊಟ್ಟಿರಲಿಲ್ಲ.

"ನೋಟ್‌ಬುಕ್ ಹರದದ್ದು ನಂದ ತಪ್ಪರಿ" ಎಂದಳು. "ಅಕಿ ನನಗ ಏನೂ ಅಂದಿದ್ದಿಲ್ಲ. ಬ್ಯಾರೆ ಸಿಟ್ಟು ಅಕಿ ಮ್ಯಾಲ ತೀರಿಸಿಕೊಂಡೆ."

ಹತ್ತು ಸಲ ಹೆಸರು ಬರೆದು, ಎಚ್ಚರಿಕೆ ಕೊಟ್ಟು, ಪ್ರಾರ್ಥನೆಯ ಹೊತ್ತಿಗೆ ಎಲ್ಲರೆದುರು ನಿಲ್ಲಿಸಿದರೂ ಹೊರಡದ ಮಾತು ಅದು.

ಮುಖ್ಯೋಪಾಧ್ಯಾಯಿನಿ ಟಿ.ಸಿ.ಯ ಕಾಗದವನ್ನು ಖಾನೆಯೊಳಗೆ ಹಾಕಿದರು. ತಪ್ಪನ್ನು ಹಾಗೇ ಬಿಡಲಿಲ್ಲ. ಹರಿದ ನೋಟ್‌ಬುಕ್ಕಿನ ಅಷ್ಟೂ ಪುಟಗಳನ್ನು ದ್ಯಾಮವ್ವ ಹೊಸದರಲ್ಲಿ ಬರೆದು ಆ ಹುಡುಗಿಯ ಕೈಗೆ ಕೊಡಬೇಕು ಎಂದರು. ದ್ಯಾಮವ್ವ ಒಪ್ಪಿದಳು. ಮಾಸ್ತರರು ತಮ್ಮ ಪಾಲಿನದನ್ನು ತಾವೇ ಹೇಳಿದರು. ತರಗತಿಯ ಎದುರು ಆಡಿದ ಮಾತನ್ನು ತರಗತಿಯ ಎದುರೇ ಹಿಂತೆಗೆದುಕೊಳ್ಳುತ್ತೇನೆ ಎಂದರು. ಮರುದಿನ ಮೊದಲ ಪಿರಿಯಡ್‌ನಲ್ಲಿ ಹಾಗೆಯೇ ಮಾಡಿದರು. ಶಿಕ್ಷಕರೊಬ್ಬರು "ತಪ್ಪಾಯಿತು" ಎನ್ನುವುದನ್ನು ಆ ಮಕ್ಕಳು ಅದುವರೆಗೆ ಕೇಳಿರಲಿಲ್ಲ.

ಅಷ್ಟಕ್ಕೇ ಎಲ್ಲವೂ ಸರಿಹೋಯಿತೆಂದು ತಿಳಿಯಬೇಡ. ದ್ಯಾಮವ್ವ ಮೂರು ವಾರ ಮಾಸ್ತರರ ಮುಖ ನೋಡಲಿಲ್ಲ. ಡಿಸೆಂಬರಿನಲ್ಲಿ ಒಂದು ದಿನ ಗಣಿತದ ಪಾಠದ ನಡುವೆ ಮತ್ತೆ ಎದ್ದು ಹೊರಗೆ ಹೋದಳು. ಮಾಸ್ತರರ ಕೈ ಪುಸ್ತಕದ ಕಡೆ ಹೋಯಿತು. ಅಲ್ಲೇ ನಿಂತಿತು. ಮಕ್ಕಳಿಗೆ ಒಂದು ಲೆಕ್ಕ ಕೊಟ್ಟು ಅವರೂ ಹೊರಗೆ ಹೋದರು. ಅವಳು ಮೆಟ್ಟಿಲ ಮೇಲೆ ಕೂತಿದ್ದಳು.

"ಈಗ ಏನಾಯಿತು?" ಎಂದು ಕೇಳಿದರು.

"ಏನೂ ತಿಳೀವಲ್ದು ಸರ್. ಒಳಗ ಕುಂತ್ರ ಉಸಿರು ಕಟ್ಟಿದಂಗ ಆಗತೈತಿ" ಎಂದಳು.

ಮಾಸ್ತರರು ಗಣಿತದ ಒಂದೊಂದೇ ಪ್ರಶ್ನೆ ಕೇಳುತ್ತ ಹಿಂದಿನ ತರಗತಿಗಳ ಪಾಠಕ್ಕೆ ಹೋದರು. ಬೀಜಗಣಿತ ಬರಲಿಲ್ಲ. ಶೇಕಡಾವಾರು ಬರಲಿಲ್ಲ. ಕೊನೆಗೆ ಭಿನ್ನರಾಶಿಗೆ ಬಂದು ನಿಂತರು. ಐದನೆಯ ತರಗತಿಯಲ್ಲಿ ಕಲಿಯಬೇಕಾದದ್ದು ಅಲ್ಲೇ ಬಿಟ್ಟುಹೋಗಿತ್ತು. ನಾಲ್ಕು ವರ್ಷದಿಂದ ಅವಳು ತಿಳಿಯದ ಪಾಠವನ್ನು ಕೇಳುತ್ತ ಕೂತಿದ್ದಳು. ಮೊದಮೊದಲು ತಲೆ ತಗ್ಗಿಸಿ ಕೂತಳು. ಒಂಬತ್ತನೆಯ ತರಗತಿಯಲ್ಲಿ ತಲೆ ತಗ್ಗಿಸಿ ಕೂರಲು ಆಗಲಿಲ್ಲ. ಹುಡುಗಿ ಕೆಟ್ಟಳು ಎಂದು ಶಾಲೆ ಬರೆದುಕೊಂಡಿತು.

ಊಟದ ಬಿಡುವಿನಲ್ಲಿ ಇಪ್ಪತ್ತು ನಿಮಿಷ ಅವರು ಅವಳಿಗೆ ಭಿನ್ನರಾಶಿಯಿಂದ ಕಲಿಸತೊಡಗಿದರು. ಕೆಲವು ದಿನಕ್ಕೆ ಇನ್ನೂ ನಾಲ್ವರು ತಾವಾಗಿಯೇ ಬಂದು ಕೂತರು. ಅವರ ಹೆಸರುಗಳೂ ಪುಸ್ತಕದಲ್ಲಿದ್ದವು. ವಾರ್ಷಿಕ ಪರೀಕ್ಷೆಯಲ್ಲಿ ದ್ಯಾಮವ್ವನಿಗೆ ನೂರಕ್ಕೆ ಮೂವತ್ತೆಂಟು ಬಂದಿತು. ಅಂಕಪಟ್ಟಿ ಹಿಡಿದು ಅವಳು ಖಾನಾವಳಿಯವರೆಗೂ ಓಡಿದಳು.

ಪುಸ್ತಕವನ್ನು ಯಾರೂ ಎಸೆಯಲಿಲ್ಲ. ಮಾಸ್ತರರು ಅದರಲ್ಲಿ ಐದನೆಯದೊಂದು ಕಾಲಂ ಎಳೆದರು. ಹೆಸರಿಗೂ ತಪ್ಪಿಗೂ ನಡುವೆ, 'ಅದಕ್ಕೂ ಮೊದಲು' ಎಂದು ಬರೆದರು. ಆ ಜಾಗ ತುಂಬಬೇಕಾದರೆ ಮಗುವನ್ನು ಕೇಳಲೇಬೇಕು. ಕೆಲವು ಶಿಕ್ಷಕರು ಗೊಣಗಿದರು. ಇಷ್ಟೆಲ್ಲ ಕೇಳುತ್ತ ಕೂತರೆ ಪಾಠ ಮಾಡುವುದು ಯಾವಾಗ ಎಂದರು. ಆ ಜಾಗ ಖಾಲಿ ಬಿಟ್ಟು ಕಳಿಸಿದ ದೂರುಗಳನ್ನು ಮುಖ್ಯೋಪಾಧ್ಯಾಯಿನಿ ಹಿಂದಕ್ಕೆ ಕಳಿಸಿದರು.

ಕೇಳತೊಡಗಿದ ಮೇಲೆ ಒಂದೊಂದಾಗಿ ತಿಳಿಯಿತು. ಊಟದ ಬಿಡುವಿನ ನಂತರ ತಡವಾಗಿ ಬರುವವರಲ್ಲಿ ಹೆಚ್ಚಿನವರು ಹಿಂದಿನ ಕಟ್ಟಡದವರು. ಅವರು ಆಡುವ ಬಯಲಿಗೆ ಗಂಟೆಯ ಸದ್ದು ಕೇಳುತ್ತಿರಲಿಲ್ಲ. ಅಲ್ಲಿ ಇನ್ನೊಂದು ಗಂಟೆ ಕಟ್ಟಿದರು. ಎಲ್ಲದಕ್ಕೂ ಹೀಗೆ ಕಾರಣ ಸಿಗಲಿಲ್ಲ. ಬರೀ ತುಂಟತನಕ್ಕೆ ನಲ್ಲಿ ಮುರಿದವರಿದ್ದರು, ಕಿರಿಯರನ್ನು ಹೆದರಿಸಿದವರಿದ್ದರು. ಅವರಿಗೆ ಶಿಕ್ಷೆಯಾಯಿತು. ಆದರೆ ಯಾಕೆ ಎಂದು ಕೇಳಿಸಿಕೊಂಡ ಮೇಲೆ ಬಂದ ಶಿಕ್ಷೆಯಾದ್ದರಿಂದ ಅವರು ಅದನ್ನು ಹಲ್ಲು ಕಚ್ಚಿ ಮುಗಿಸಲಿಲ್ಲ, ಒಪ್ಪಿ ಮುಗಿಸಿದರು. ಮುಂದಿನ ವರ್ಷ ಆ ಪುಸ್ತಕದಲ್ಲಿ ತುಂಬಿದ ಪುಟಗಳು ಅರ್ಧಕ್ಕಿಂತ ಕಡಿಮೆ.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಶಿಷ್ಯನ ಮುಖ ತುಸು ತಿಳಿಯಾಗಿತ್ತು. ಆದರೂ ಒಂದು ಅನುಮಾನ ಉಳಿದಿತ್ತು.

"ಗುರುಗಳೇ, ಆ ಹುಡುಗಿಯ ಅದೃಷ್ಟ ದೊಡ್ಡದು" ಎಂದ. "ಅವಳ ಪರವಾಗಿ ಬಂದು ಅಂಥ ಮಾತು ಕೇಳುವ ತಾಯಿ ಇದ್ದಳು. ನಮ್ಮ ಶಾಲೆಯಲ್ಲಿ ಎಷ್ಟೋ ಮಕ್ಕಳಿಗೆ ಹಾಗೆ ಬಂದು ಕೇಳುವವರೇ ಇಲ್ಲ. ಅವರಿಗೆ ಯಾರು ದಿಕ್ಕು?"

ಗುರುಗಳು ಅವನನ್ನು ನೋಡಿದರು.

"ನಿನ್ನನ್ನು ಅಲ್ಲಿಗೆ ನೇಮಿಸಿದ್ದು ಮತ್ತೆ ಯಾತಕ್ಕಪ್ಪ?"