ಬೊಗಸೆ ಬಾವಿ

ನೆಗ್ಗಿಲಹಾಳದ ಬಸ್ಸಿಳಿದರೆ ಮೊದಲು ಕಾಣುವುದೇ ಹುಣಸೆಮರದಡಿಯ ಹಳೆಯ ಬಾವಿ. ಸರಕಾರದವರು ‘ಸ್ವಾತಂತ್ರ್ಯ ಬಾವಿ’ ಎಂದು ಹಲಗೆ ಬರೆಸಿ ನೆಟ್ಟಿದ್ದಾರೆ. ಬರೆಸಲಿ ಬಿಡಿ, ಊರಲ್ಲಿ ಆ ಹೆಸರು ಯಾರ ಬಾಯಲ್ಲೂ ಇಲ್ಲ. ಎಲ್ಲರಿಗೂ ಅದು ಬೊಗಸೆ ಬಾವಿಯೇ. ಹಿಂದೆ, ಬ್ರಿಟಿಷರ ಆಳ್ವಿಕೆಯ ಕೊನೆಗಾಲದಲ್ಲಿ, ಊರಾಚೆಯ ಕೇರಿಯವರು ಈ ಬಾವಿಯ ಹಗ್ಗ ಮುಟ್ಟುವಂತಿರಲಿಲ್ಲ. ಕೆಳಗೆ ಬೊಗಸೆಯೊಡ್ಡಿ ನಿಂತರೆ, ಮನಸ್ಸು ಬಂದವರು ಮೇಲಿನಿಂದ ಸುರಿಯುತ್ತಿದ್ದರು. ಮನಸ್ಸು ಬಾರದಿದ್ದರೆ ಹಳ್ಳದ ವರತೆಯ ಕೆಸರುನೀರೇ ಗತಿ.

ಈ ಊರಿನ ಗುರುಪಾದಪ್ಪ ಉಳ್ಳವರ ಮನೆಯ ಮಗ. ಒಂದು ಬೇಸಿಗೆ ಅವನು ಪೊಲೀಸ್ ಚೌಕಿಯ ಮೇಲೆ ಬಾವುಟ ಏರಿಸಿದ. ಫೌಜದಾರ ಅವನ ಕಾಲಿಗೆ ಸರಪಳಿ ಬಿಗಿದು ಇದೇ ಹುಣಸೆಗೆ ಕಟ್ಟಿಸಿದ, ನೀರು ಕೊಟ್ಟವರ ಕೈ ಮುರಿಯುತ್ತೇನೆ ಎಂದು ಡಂಗುರ ಹೊಡೆಸಿದ. ಜೈಕಾರ ಹಾಕಿದ ಊರು ಗಪ್ಪಾಯಿತು. ಹೆತ್ತ ಮನೆಯವರೇ ಕದ ಹಾಕಿಕೊಂಡರು, ಉಳಿದವರ ಮಾತೇಕೆ? ಕೈಯಳತೆಯಲ್ಲಿ ಬಾವಿ, ಬಾಯಲ್ಲಿ ಉಗುಳಿಲ್ಲ. ಮರುದಿನ ಮಧ್ಯಾಹ್ನ ಹಳ್ಳದಿಂದ ಕೊಡ ಹೊತ್ತು ಬರುತ್ತಿದ್ದ ಕೇರಿಯ ದುರಗವ್ವ ಅವನನ್ನು ನೋಡಿ ನಿಂತಳು, ಕೊಡ ಇಳಿಸಿಕೊಂಡು ಹತ್ತಿರ ಬಂದಳು. ಜೀವ ಹೋಗುತ್ತಿದ್ದರೂ ಅವನ ಬಾಯಿಂದ ಬಂದದ್ದು ಒಂದೇ ಮಾತಂತೆ.

“ದೂರ ನಿಂತು ಹಾಕವ್ವಾ.”

“ಹುಟ್ಟಿದಾಗಿಂದ ದೂರನ ನಿಂತೀವ್ರಿ ಯಪ್ಪಾ,” ಎಂದಳು ದುರಗವ್ವ. “ನೀವು ಮೊದಲ ಕುಡೀರಿ.”

ಅವನು ಬೊಗಸೆಯೊಡ್ಡಿ ಕುಡಿದ. ಕುಡಿದು ತಲೆಯೆತ್ತುವಷ್ಟರಲ್ಲಿ ಪೊಲೀಸರು ಅವಳ ಬಲಗೈ ಮುರಿದಿದ್ದರು. ಮುಂದೆ ಹಿಂಡಲಗಾ ಜೈಲಿನಲ್ಲಿ ಲಾಠಿಯೇಟು ತಿನ್ನುವಾಗಲೂ ಅವನನ್ನು ಸುಟ್ಟದ್ದು ತಾನಾಡಿದ ಆ ಮಾತೇ ಎನ್ನುತ್ತಾರೆ. ತನ್ನ ಕಾಲಿನ ಸರಪಳಿ ಊರಿಗೆಲ್ಲ ಕಂಡಿತು. ತಾವು ಊರವರೆಲ್ಲ ಆ ಹೆಂಗಸಿಗೆ ತೊಡಿಸಿದ್ದ ಸರಪಳಿ ಒಬ್ಬರಿಗೂ ಕಂಡಿರಲಿಲ್ಲ, ತನಗೂ ಕಂಡಿರಲಿಲ್ಲ. ನಾಚಿಕೆಯಿಂದ ಅವನು ಅನ್ನ ಬಿಟ್ಟ ದಿನಗಳೂ ಇದ್ದವಂತೆ.

ಸ್ವಾತಂತ್ರ್ಯ ಬಂತು. ಬಾವಿಯ ಕಟ್ಟೆಯ ಮೇಲೆ ಬಾವುಟ ಹಾರಿಸಿ, ಮೊದಲ ತಂಬಿಗೆ ನೀರನ್ನು ಗುರುಪಾದಪ್ಪನಿಗೇ ಹಿಡಿದರು. ದುರಗವ್ವ ಹಗ್ಗ ಹಿಡಿದ ಮೇಲೆಯೇ ತಾನು ಕುಡಿಯುವುದು ಎಂದ ಅವನು.

“ಬಾವುಟದ ಮಾತ ಬ್ಯಾರೆ, ಬಾವಿ ಮಾತ ಬ್ಯಾರೆ, ಗುರುಪಾದಪ್ಪಾ,” ಎಂದರು ಊರಗೌಡರು.

ಅವನು ಕಟ್ಟೆಯಿಳಿದು ದುರಗವ್ವನ ಪಕ್ಕದಲ್ಲಿ ಬೊಗಸೆಯೊಡ್ಡಿ ನಿಂತ. ಊರವರು ಅವಳನ್ನು ಬಿಟ್ಟು ಅವನೊಬ್ಬನ ಬೊಗಸೆಗೆ ಸುರಿದರು. ಅವನು ಬೆರಳು ಬಿಡಿಸಿ ನೀರನ್ನು ನೆಲಕ್ಕೆ ಬಿಟ್ಟ. ದಿನವೂ ಹೀಗೇ ನಡೆಯಿತು. ಕೇರಿಯವರ ಜೊತೆ ವರತೆಯ ನೀರು ಕುಡಿದು, ಅದರಿಂದಲೇ ಜ್ವರ ಹತ್ತಿ, ಒಂದು ಮುಂಜಾನೆ ಬೊಗಸೆಯೊಡ್ಡಿದಲ್ಲೇ ಕುಸಿದು ಪ್ರಾಣ ಬಿಟ್ಟ. ಹೆಣ ತೊಳೆಯಲು ನೀರು ಬೇಕಾಯಿತು. ದುರಗವ್ವ ಮೆಟ್ಟಿಲೇರಿ ಎಡಗೈಯಿಂದ ಹಗ್ಗ ಎಳೆದಳು. ಅಂದು ಅವಳನ್ನು ತಡೆಯಲು ಯಾರಿಗೂ ಮುಖವಿರಲಿಲ್ಲ.

ಕೇರಿಯವರು ಅಂದಿನಿಂದ ಈ ಬಾವಿಯಲ್ಲೇ ನೀರು ಸೇದುತ್ತಾರೆ. ನೋಡಲು ಬಂದವರಿಗೆ ಕೂಗಳತೆಯಲ್ಲಿ ಇನ್ನೊಂದು ಬಾವಿಯೂ ಕಾಣುತ್ತದೆ. ಗುರುಪಾದಪ್ಪ ಸತ್ತ ವರ್ಷವೇ ಊರವರು ತಮಗೆಂದು ತೋಡಿಸಿಕೊಂಡದ್ದು ಅದು. ಅದ್ಯಾವ ಬಾವಿ ಎಂದು ಕೇಳಿದರೆ ಊರವರು, ಬಿಸಿಲಾಯಿತು, ಚಹಾ ಕುಡಿಯೋಣ ಬನ್ನಿ ಎನ್ನುತ್ತಾರೆ.