ಎಂಟುನೂರರಲ್ಲಿ ನಿಂತ ಯಂತ್ರ

"ಗುರುಗಳೇ, ಒಂದು ತಿಂಗಳಿನಿಂದ ಓದಿದ್ದು ತಲೆಗೆ ಹೋಗುತ್ತಿಲ್ಲ. ಓದುವ ಹೊತ್ತನ್ನು ದಿನಕ್ಕೆ ಇನ್ನೂ ಎರಡು ತಾಸು ಹೆಚ್ಚಿಸಲೇ?" ಎಂದು ಶಿಷ್ಯ ಕೇಳಿದ.

ಗುರುಗಳು ಹೀಗೆ ಹೇಳಿದರು:

ಒಬ್ಬ ಹೆಣ್ಣುಮಗಳು ಕಣ್ಣು ಕಾಣದ ಮಕ್ಕಳಿಗಾಗಿ ಬ್ರೈಲ್ ಪುಸ್ತಕಗಳನ್ನು ಸಿದ್ಧಪಡಿಸುತ್ತಿದ್ದಳು. ಪಠ್ಯದ ಪುಟಗಳನ್ನು ಸ್ಕ್ಯಾನ್ ಮಾಡಿ ಕೊಟ್ಟರೆ, ಅವಳ ಲಿನಕ್ಸ್ ಲ್ಯಾಪ್‌ಟಾಪು ಅಕ್ಷರಗಳನ್ನು ಗುರುತಿಸಿ ಚುಕ್ಕಿಗಳ ಲಿಪಿಗೆ ತಿರುಗಿಸುತ್ತಿತ್ತು. ಪರೀಕ್ಷೆಗೆ ಹನ್ನೆರಡು ದಿನ ಉಳಿದಿತ್ತು. ವಿಜ್ಞಾನದ ಪುಸ್ತಕ ಇನ್ನೂ ಅರ್ಧವೂ ಆಗಿರಲಿಲ್ಲ. ಅಂಥ ಹೊತ್ತಿನಲ್ಲಿ ಲ್ಯಾಪ್‌ಟಾಪು ನಿಧಾನವಾಯಿತು. ಒಂದು ನಿಮಿಷದಲ್ಲಿ ಮುಗಿಯುತ್ತಿದ್ದ ಪುಟಕ್ಕೆ ನಾಲ್ಕು ನಿಮಿಷ ಹಿಡಿಯತೊಡಗಿತು.

ಅವಳು ತಿಳಿದವಳು. ಪ್ರೊಸೆಸರಿನ ವೇಗವನ್ನು ನೋಡಿದಳು. ಕೆಲಸ ಹೆಚ್ಚಿದಾಗ ಮೂರು ಸಾವಿರ ಮೆಗಾಹರ್ಟ್ಸ್ ದಾಟಬೇಕಾದದ್ದು ಎಂಟುನೂರರಲ್ಲೇ ನಿಂತಿತ್ತು. ಸದಾ ಪೂರ್ಣ ವೇಗದಲ್ಲಿ ಓಡು ಎಂದು ಆಜ್ಞೆ ಕೊಟ್ಟಳು. ಎಂಟುನೂರು. ವೇಗದ ಮಿತಿಯನ್ನು ಏರಿಸಿದಳು. ಎಂಟುನೂರು. ಬಿಸಿಯಿಂದ ಹೀಗಾಗಿದೆಯೇನೋ ಎಂದು ಮುಟ್ಟಿ ನೋಡಿದರೆ ಯಂತ್ರ ತಣ್ಣಗಿತ್ತು. ಆದರೂ ಬಿಚ್ಚಿ ಫ್ಯಾನಿನ ಧೂಳು ತೆಗೆದಳು. ಕೊನೆಗೆ ಯಂತ್ರವನ್ನು ನಡೆಸುವ ಲಿನಕ್ಸ್ ತಂತ್ರಾಂಶವನ್ನೇ ಅಳಿಸಿ ಹೊಸದಾಗಿ ಹಾಕಿದಳು. ಅದಕ್ಕೆ ಒಂದು ದಿನ ಪೂರ್ತಿ ಹೋಯಿತು. ವೇಗ ಮಾತ್ರ ಕದಲಲಿಲ್ಲ. ಆ ಮಕ್ಕಳ ಶಾಲೆಯಿಂದ ಫೋನು ಬಂದರೆ ಎತ್ತಲು ಅವಳಿಗೆ ಕೈ ಬರುತ್ತಿರಲಿಲ್ಲ.

ಆ ಊರಿನಲ್ಲಿ ರಿಪೇರಿ ಕೆಲಸದ ಒಬ್ಬ ಮುದುಕನಿದ್ದ. ಅವಳು ಯಂತ್ರವನ್ನು ಅವನ ಮುಂದಿಟ್ಟಳು. ಅವನು ಅದನ್ನು ಆರಿಸಿ ಮತ್ತೆ ಚಾಲೂ ಮಾಡಿದ. ಪರದೆಯ ಮೇಲೆ ನಾಲ್ಕು ಸಾಲು ಮೂಡಿದವು. ಅವಳು ಕೀಲಿ ಒತ್ತಲು ಕೈ ಚಾಚಿದಳು.

"ತಡಿಯಮ್ಮ. ಇದೇನು ಬರೆದಿದೆ?"

"ಅದು ಪ್ರತಿ ಸಲ ಬರುತ್ತೆ ಅಜ್ಜ. ಒಂದು ಕೀಲಿ ಒತ್ತಿದರೆ ಹೋಗುತ್ತೆ."

"ಹೋಗುವ ಮೊದಲು ಒಮ್ಮೆ ಓದು."

ಅವಳು ಓದಿದಳು. ಜೋಡಿಸಿರುವ ಚಾರ್ಜರ್ ಯಾವುದೆಂದು ಗುರುತು ಸಿಗುತ್ತಿಲ್ಲ, ಆದ್ದರಿಂದ ವೇಗ ತಗ್ಗಿಸಿ ನಡೆಸಲಾಗುತ್ತದೆ ಎಂದು ಅದರಲ್ಲಿತ್ತು. ಹಳೆಯ ಚಾರ್ಜರಿನ ವೈರು ತುಂಡಾಗಿ, ಪಿನ್ನು ಕೂಡುವ ಬೇರೊಂದನ್ನು ಅವಳು ತಂದು ನಾಲ್ಕು ದಿನವಾಗಿತ್ತು. ತನಗೆ ಸಾಕಷ್ಟು ವಿದ್ಯುತ್ ಸಿಗುತ್ತದೆಂಬ ಭರವಸೆಯಿಲ್ಲದೆ ಯಂತ್ರ ತನ್ನ ವೇಗವನ್ನು ತಾನೇ ಹಿಡಿದಿಟ್ಟುಕೊಂಡಿತ್ತು. ಲಿನಕ್ಸಿನಿಂದ ಕೊಟ್ಟ ಯಾವ ಆಜ್ಞೆಯೂ ಆ ಹಿಡಿತವನ್ನು ಬಿಡಿಸುವಂತಿರಲಿಲ್ಲ.

ಮುದುಕ ಆ ಯಂತ್ರದ್ದೇ ಆದ ಚಾರ್ಜರನ್ನು ಹುಡುಕಿ ಜೋಡಿಸಿದ. ಈ ಸಲ ಆ ಸಾಲುಗಳು ಮೂಡಲಿಲ್ಲ. ಅವಳು ಒಂದು ಪುಟ ಕೊಟ್ಟಳು. ವೇಗ ಸಾವಿರದ ಇನ್ನೂರಕ್ಕೆ ಏರಿತು, ಎರಡು ಸಾವಿರ ದಾಟಿತು, ಮೂರು ಸಾವಿರದ ನೂರಕ್ಕೆ ಹೋಯಿತು. ಪುಟ ಮುಗಿಯುವಷ್ಟರಲ್ಲಿ ಅವಳು ಅಲ್ಲಿದ್ದ ಸ್ಟೂಲಿನ ಮೇಲೆ ಕುಳಿತು ನಕ್ಕುಬಿಟ್ಟಳು. ಶಾಲೆಗೆ ತಾನೇ ಫೋನು ಮಾಡಿ, "ಭಾನುವಾರದೊಳಗೆ ತಲುಪಿಸುತ್ತೇನೆ" ಎಂದಳು. ಶನಿವಾರ ಮಧ್ಯಾಹ್ನವೇ ಪುಸ್ತಕ ಮಕ್ಕಳ ಬೆರಳ ಕೆಳಗಿತ್ತು.

ಇಷ್ಟು ಹೇಳಿ ಗುರುಗಳು ಶಿಷ್ಯನ ಮುಖವನ್ನು ನೋಡಿದರು.

"ನೀನು ಕಣ್ತುಂಬ ನಿದ್ದೆ ಮಾಡಿ ಎಷ್ಟು ದಿನವಾಯಿತು?"

"ಒಂದು ತಿಂಗಳಾಯಿತು, ಗುರುಗಳೇ" ಎಂದು ಶಿಷ್ಯ ತಲೆ ತಗ್ಗಿಸಿದ.